ಗೋಡೆ ಏರಿಸಲಿಲ್ಲ, ದಂಡೆ ಇಳಿಸಿದೆವು

"ನೆರೆ ಬರೋ ಜಾಗದಲ್ಲಿ ದಂಡೆ ಕಡೀತೀರಾ?" ನಾಲ್ಕು ವರ್ಷ ಪ್ರತಿ ಸಭೆಯಲ್ಲೂ ಇದೇ ಪ್ರಶ್ನೆ. ಕಳೆದ ಮಳೆಗಾಲದ ನೆರೆ ಇಳಿದ ಮೇಲೆ ಯಾರೂ ಕೇಳುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೊಳೆ ದಂಡೆ ಸರಿಪಡಿಸುವ ಕೆಲಸದಲ್ಲಿ ನಮ್ಮ ಪಾಲಿಗೆ ಬಂದದ್ದು ಊರ ನಡುವಿನ ಹೊಳೆಯ ಸುಮಾರು 700 ಮೀಟರ್. ಎರಡೂ ಕಡೆ ಕಾಂಕ್ರೀಟ್ ಗೋಡೆ. ಅದನ್ನೇ ಇನ್ನೊಂದು ಮೀಟರ್ ಏರಿಸಿ ಅಂತ ಎಲ್ಲರ ಸಲಹೆ. ನಾವು ಬಲಗಡೆ ಗೋಡೆ ಒಡೆದು, ಬೇಸಿಗೆಯ ನೀರಿನ ಮಟ್ಟಕ್ಕಿಂತ ಮೊಣಕಾಲೆತ್ತರ ಮೇಲೆ, ದಂಡೆಯನ್ನು 15 ಮೀಟರ್ ಅಗಲದ ಒಂದು ಚಪ್ಪಟೆ ಮೆಟ್ಟಿಲಿನ ಹಾಗೆ ಕಡಿದೆವು. ನೆರೆ ಬಂದರೆ ನೀರು ಅಲ್ಲಿ ಹರಡಿಕೊಳ್ಳಲಿ ಅಂತ.

ಸಿಂಗಪುರದ ಬಿಷಾನ್ ಪಾರ್ಕಿನಲ್ಲಿ 2.7 ಕಿ.ಮೀ. ಕಾಂಕ್ರೀಟ್ ಕಾಲುವೆ ಒಡೆದು 3.2 ಕಿ.ಮೀ. ಅಂಕುಡೊಂಕು ಹೊಳೆ ಮಾಡಿದರಲ್ವಾ, ಅವರು ಮೊದಲು 60 ಮೀಟರ್ ತುಂಡಿನಲ್ಲಿ ದಂಡೆ ಹಿಡಿದಿಡುವ ಹತ್ತು ವಿಧಾನ ಪರೀಕ್ಷಿಸಿ ನೋಡಿದ್ದರು. ನಾನು ಅದನ್ನು ಬಿಟ್ಟು, ಒಂದೇ ಸಲ ಪೂರ್ತಿ ದಂಡೆಗೆ, ಗಿಡ ಬೇರೂರುವವರೆಗೆ ಮಣ್ಣು ಹಿಡಿದಿಡುವ ನಾರಿನ ಚಾಪೆ ಹಾಸಿಸಿದೆ. ಗೂಟ ಹೊಡೆದೆವು, ಆದರೆ ಮೇಲ್ಹರಿವಿನ ಕಡೆಯ ಅಂಚನ್ನು ಮಣ್ಣಿನೊಳಗೆ ಹೂಳಲಿಲ್ಲ. ಮೊದಲ ದೊಡ್ಡ ಮಳೆಗೆ ನೀರು ಅಡಿಗೆ ನುಗ್ಗಿತು. ಚಾಪೆ ಹಾಸಿಗೆ ಸುತ್ತಿದ ಹಾಗೆ ಸುತ್ತಿಕೊಂಡು, ಗಿಡಗಳ ಸಮೇತ ಸೇತುವೆ ಕಂಬಕ್ಕೆ ಸಿಕ್ಕಿಕೊಂಡಿತು. ಬಜೆಟ್ಟಿನ ಎಂಟನೇ ಒಂದು ಭಾಗ ಒಂದೇ ರಾತ್ರಿಗೆ ಹೋಯಿತು.

ಎರಡನೇ ಸಲ ಮೊಣಕೈ ಆಳದ ಗುಂಡಿ ತೋಡಿ ಅಂಚು ಹೂಳಿದೆವು. ದಂಡೆಯ ಬುಡಕ್ಕೆ ಕೊರೆತದ ಆಳಕ್ಕಿಂತ ಕೆಳಗಿನಿಂದ ಕಲ್ಲು ಕೂರಿಸಿದೆವು. ಅದರ ಮೇಲೆ ಗೇಣಿಗೊಂದು ಲಾವಂಚ. ಬಿಸಿಲಲ್ಲಿ ಚೆನ್ನಾಗಿ ಬಂತು, ಮರದ ನೆರಳಲ್ಲಿ ಸೊರಗಿತು. ನೆರಳಿಗೆ ಹಾಕಿದ ಗಿಡಗಳ ಮಿಶ್ರಣ ಇಲ್ಲಿ ಹೇಳುವುದಿಲ್ಲ, ಸೈಟಿಗೆ ಬಂದರೆ ತೋರಿಸುತ್ತೇನೆ. ಮೆಟ್ಟಿಲ ಮೇಲೆ ಮಾತ್ರ ನೀರು ಬಂದಾಗ ಮಲಗುವ ಹುಲ್ಲು. ಪೊದೆ ಬೆಳೆಸಿದರೆ ನೀರು ತಡೆದು ಮಟ್ಟ ಏರುತ್ತದೆ.

ದುಡ್ಡು ತಿಂದದ್ದು ಗಿಡವಲ್ಲ, ಮಣ್ಣು. ಕಡಿದ ಮಣ್ಣು ಸಾಗಿಸಲಿಕ್ಕೇ ಮೂರನೇ ಒಂದು ಭಾಗ ಖರ್ಚು. ಹೂಳನ್ನು ಮೊದಲೇ ಲ್ಯಾಬಿಗೆ ಕಳಿಸಿ. ನಮ್ಮದರಲ್ಲಿ ಸೀಸ ಜಾಸ್ತಿ ಬಂದು, ಬೇರೆ ಜಾಗ ಹುಡುಕುವಷ್ಟರಲ್ಲಿ ಎರಡು ತಿಂಗಳು ಲಾರಿಗಳು ಸುಮ್ನೆ ನಿಂತವು. ಬೆಳಗಿನ ಜಾವ ಹೊಳೆಯಲ್ಲೇ ನಡೆದು ಹನ್ನೊಂದು ಕಳ್ಳ ಕೊಳಚೆ ಪೈಪು ಹಿಡಿದೆವು. ಅವು ಮುಚ್ಚದಿದ್ದರೆ ಉಳಿದದ್ದೆಲ್ಲ ದಂಡ.

ನಡುವೆ ನನ್ನದೇ ಒಂದು ಪ್ರಯೋಗ. ಬಿದ್ದ ಮರದ ಬುಡವನ್ನು ಬೇರಿನ ಸಮೇತ ಹರಿವಿಗೆ ಎದುರಾಗಿ ಸರಪಳಿ ಕಟ್ಟಿ ನಿಲ್ಲಿಸಿದೆ. ಒಂದೇ ಮಳೆಗಾಲದಲ್ಲಿ ಬೇರಿನ ಪಕ್ಕ ಸೊಂಟದಾಳದ ಮಡು ಆಯಿತು. ಬೇಸಿಗೆಯಲ್ಲಿ ಬೆರಳುದ್ದದ ಮೀನು ಅಲ್ಲೇ ಉಳಿದವು. ಮಿಂಚುಳ್ಳಿ ದಿನಾ ಆ ಬೇರಿನ ಮೇಲೇ ಕೂರುತ್ತದೆ.

ಕಳೆದ ವರ್ಷದ ಮಳೆ, ಈ ಕೆಲಸಕ್ಕೆ ಮುಂಚೆ ನೆರೆ ಬಂದಾಗಿನಷ್ಟೇ ಇತ್ತು. ನೀರು ಮಾತ್ರ ಆ ನೆರೆಯ ಗುರುತಿಗಿಂತ ಹೆಚ್ಚುಕಮ್ಮಿ 40 ಸೆಂ.ಮೀ. ಕೆಳಗೇ ನಿಂತಿತು. ಒಂದು ಮನೆಗೂ ನುಗ್ಗಲಿಲ್ಲ. ಮೆಟ್ಟಿಲು ಮುಗಿದು ಹೊಳೆ ಮತ್ತೆ ಗೋಡೆಗಳ ನಡುವೆ ಹೋಗುವ ಕಡೆ ಇನ್ನೂ ಕೊರೆತ ಇದೆ. ಈ ಬೇಸಿಗೆಯಲ್ಲಿ ಅಲ್ಲಿಗೆ ಕಲ್ಲು ಹಾಕುತ್ತೇವೆ, ಆಮೇಲೆ ಎಡದಂಡೆ.