ಮಳೆಗಾಲದ ನೈಲಾನ್ ಮತ್ತು ಬೆಳ್ಳಿಗೆರೆಗಳು

ತುಮಕೂರಿನ ವಸಂತನರಸಾಪುರದಲ್ಲಿ ನಮ್ಮದು ಪ್ಲಾಸ್ಟಿಕ್ ಕರಗಿಸಿ ಅಚ್ಚು ಹಾಕುವ ಪುಟ್ಟ ಮೋಲ್ಡಿಂಗ್ ಘಟಕ. ನೈಲಾನ್ 66 ಎಂಬ ಬಗೆಯ ನೈಲಾನಿನಿಂದ ವೈರ್ ಕ್ಲಿಪ್ ತಯಾರಿಸುತ್ತೇವೆ. ಮಳೆ ಹಿಡಿದ ವಾರದಿಂದ ಕ್ಲಿಪ್‌ಗಳ ಮೈಮೇಲೆ ಬೆಳ್ಳಿಗೆರೆಗಳು. ಅಚ್ಚಿನ ಅಂಚಿನಲ್ಲೆಲ್ಲ ಸೋರಿಕೆ.

ನೈಲಾನಿನ ಅಣುಸರಪಳಿಯ ಕೊಂಡಿಗಳಾದ ಅಮೈಡ್ ಬಂಧಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಈ ನೈಲಾನ್ ಕರಗುವುದು ಸುಮಾರು 260 ಡಿಗ್ರಿಯಲ್ಲಿ. ಆ ಶಾಖದಲ್ಲಿ ನೀರು ಆವಿಯಾಗಿ ಗೆರೆ ಎಳೆಯುವುದಷ್ಟೇ ಅಲ್ಲ, ಉದ್ದನೆಯ ಅಣುಸರಪಳಿಗಳನ್ನೇ ಕತ್ತರಿಸುತ್ತದೆ. ದ್ರವ ತೆಳುವಾಗಿ ಸೋರುವುದು ಅದಕ್ಕೇ.

ನೈಲಾನ್ ಕಾಳುಗಳನ್ನು ಒಣಗಿಸಲು ಮೊದಲು ಬಿಸಿಗಾಳಿಯ ಡ್ರೈಯರ್ ಅನ್ನು 110 ಡಿಗ್ರಿಗೆ ಏರಿಸಿದೆ. ಕಾಳುಗಳು ಹಳದಿಯಾದವು, ಇಡೀ ಚೀಲ ನಷ್ಟ. ಆ ಯಂತ್ರ ಎಳೆದುಕೊಳ್ಳುತ್ತಿದ್ದುದು ಹೊರಗಿನ ತೇವದ ಗಾಳಿಯನ್ನೇ! ಗಾಳಿಯ ತೇವ ಹೀರಿ ಒಣಗಿಸುವ ಡ್ರೈಯರ್ ತಂದು, 80 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟೆ. ತೇವಾಂಶ ಶೇ. 0.2ಕ್ಕಿಂತ ಕೆಳಗಿಳಿಯಿತು, ಗೆರೆಗಳು ಮಾಯವಾದವು. ತೆರೆದ ಚೀಲಗಳನ್ನು ಈಗ ತಕ್ಷಣ ಮುಚ್ಚಿಡುತ್ತೇವೆ.

ಆದರೆ ಹೊಸ ಕ್ಲಿಪ್‌ಗಳು ಬಾಗಿಸಿದೊಡನೆ ಮುರಿಯತೊಡಗಿದವು. ಪೂರ್ತಿ ಒಣಗಿದ ನೈಲಾನ್ ಪೆಡಸು. ಅಚ್ಚಿನಿಂದ ಬಂದವನ್ನು ಬಿಸಿನೀರಿನಲ್ಲಿ ನೆನೆಸಿದೆ. ಹೀರಿದ ನೀರು ಅವಕ್ಕೆ ಬಳುಕು ಕೊಟ್ಟಿತು. ಕರಗಿಸುವ ಮುನ್ನ ಶತ್ರುವಾಗಿದ್ದ ಅದೇ ನೀರು! ಮರುದಿನ ಹಿಡಿಯಷ್ಟು ಕ್ಲಿಪ್‌ಗಳನ್ನು ಬಾಗಿಸಿ ನೋಡಿದೆ, ಒಂದೂ ಮುರಿಯಲಿಲ್ಲ.