ಮಾಂದಲಪಟ್ಟಿಯ ಬೆಟ್ಟ ಫೋಟೋದಲ್ಲಿ ಯಾಕೆ ಚಿಕ್ಕದಾಯ್ತು? ವೈಡ್ ಲೆನ್ಸ್ ಬಳಸೋದು ಹೀಗೆ

ಅಗಲವಾದ ನೋಟ ಹಿಡಿಯುವ ವೈಡ್ ಲೆನ್ಸ್ ತಗೊಂಡ ಹೊಸದರಲ್ಲಿ ನಾನು ಮೊದಲು ಹೋದದ್ದು ಕೊಡಗಿನ ಮಾಂದಲಪಟ್ಟಿ ಬೆಟ್ಟಕ್ಕೆ. ಜೀಪಿನಲ್ಲಿ ಸೊಂಟ ಕಳಚುವಷ್ಟು ಕುಲುಕಿಸಿಕೊಂಡು ಹತ್ತಿ, ಮಂಜು ಸರಿಯುವವರೆಗೆ ಚಳಿಯಲ್ಲಿ ಕಾದು, ಸಿಕ್ಕಾಪಟ್ಟೆ ಫೋಟೋ ಹೊಡೆದು ಮನೆಗೆ ಬಂದು ನೋಡಿದರೆ ಎಲ್ಲದರಲ್ಲೂ ಕೆಳಗೆ ಹುಲ್ಲು, ಮೇಲೆ ಆಕಾಶ, ನಡುವೆ ಬೆರಳು ದಪ್ಪದ ಒಂದು ಗೆರೆ. ಆ ಗೆರೆಯೇ ಪಶ್ಚಿಮ ಘಟ್ಟ!

ಎಲ್ಲವನ್ನೂ ಹಿಡಿಸೋಕೆ ಅಂತ ವೈಡ್ ತಗೊಳ್ತೇವೆ ಅಲ್ವಾ, ಎಡವಟ್ಟು ಅಲ್ಲೇ ಶುರು. ಈ ಲೆನ್ಸಿನಲ್ಲಿ ದೂರದ್ದೆಲ್ಲ ಪುಟ್ಟದಾಗುತ್ತದೆ, ಹತ್ತಿರದ್ದು ಮಾತ್ರ ದೊಡ್ಡದಾಗಿ ಎದ್ದು ಕಾಣುತ್ತದೆ. ಹಾಗಾಗಿ ಮುಂದೆ ಏನಾದರೂ ಇರಲೇಬೇಕು. ಬಂಡೆಯೋ ಹುಲ್ಲಿನ ತೆನೆಯೋ, ಅದರಿಂದ ಒಂದು ಮೊಳ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ತೆಗೆಯಿರಿ. ಬೆಟ್ಟವೇ ಬೇಕು ಅಂದರೆ ವೈಡ್ ಬಿಚ್ಚಿಟ್ಟು, ದೂರದ್ದನ್ನು ದೊಡ್ಡದಾಗಿ ತೋರಿಸುವ 70 ಅಥವಾ 100 ಎಂಎಂ ಲೆನ್ಸ್ ಹಾಕಿ, ನಾಚಿಕೆ ಏನಿಲ್ಲ.

ಕೊಡಗಿನಲ್ಲಿ ಈ ಲೆನ್ಸಿಗೆ ಹೇಳಿ ಮಾಡಿಸಿದ ಜಾಗ ಬೆಟ್ಟಕ್ಕಿಂತ ಕಾಫಿ ತೋಟ. ಹೂಮಳೆ, ಅಂದರೆ ಕಾಫಿ ಹೂ ಬಿಡಿಸುವ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ರೊಬಸ್ಟಾ ಕಾಫಿ ಬೆಳ್ಳಗೆ ಅರಳುತ್ತದೆ, ಎರಡು ಮೂರು ದಿನಕ್ಕೆ ಕಂದುತ್ತದೆ. ತೋಟದವರನ್ನು ಕೇಳಿಯೇ ಒಳಗೆ ಹೋಗಿ. ಹೂ ತುಂಬಿದ ಒಂದು ರೆಕ್ಕೆ (ಕಾಫಿ ಗಿಡದ ಅಡ್ಡ ಕೊಂಬೆ) ಲೆನ್ಸಿನಿಂದ ಒಂದು ಮೊಳದಷ್ಟು ಹತ್ತಿರ ಇರಲಿ, ಅದರ ಹಿಂದೆ ಗಿಡಗಳ ಸಾಲು, ಅದಕ್ಕೂ ಹಿಂದೆ ಒಳ್ಳೆಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್.

ಫೋಕಸ್ ಎಲ್ಲಿಡಬೇಕು? ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 16 ಎಂಎಂ, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 11 ಇಟ್ಟು ಸುಮಾರು 80 ಸೆಂಟಿಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, 40 ಸೆಂಟಿಮೀಟರಿನಿಂದ ಹಿಡಿದು ದೂರದ ಮರದವರೆಗೆ ಎಲ್ಲ ಚೆನ್ನಾಗಿಯೇ ಬರುತ್ತದೆ. ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದವರಿಗೆ ಅದೇ ನೋಟಕ್ಕೆ 10 ಎಂಎಂ ಬೇಕು. ಫೋನಿನವರು ಕ್ಯಾಮೆರಾದಲ್ಲಿ ವೈಡ್‌ನ 0.5 ಗುಂಡಿ ಒತ್ತಿ, ಆದರೆ ಸಂಜೆ ಬೆಳಕಿನಲ್ಲಿ ಬೇಡ, ಆ ಪುಟ್ಟ ಸೆನ್ಸರ್ ಕತ್ತಲಲ್ಲಿ ಒದ್ದಾಡುತ್ತದೆ.

ಇನ್ನು ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ್ದು, ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಕ್ಯಾಮೆರಾ ಸ್ವಲ್ಪ ಮೇಲೆತ್ತಿದರೂ ಮಿನಾರುಗಳು ಒಳಗೆ ವಾಲುತ್ತವೆ. ದೇವಸ್ಥಾನದ ಮುಂದಿನ ಕೆರೆಯ ಈಚೆ ದಡದಲ್ಲಿ ನಿಂತು ಕ್ಯಾಮೆರಾ ಮಟ್ಟಸ ಹಿಡಿಯಿರಿ. ಕೆಳಗಿನ ಅರ್ಧಕ್ಕೆ ನೀರು ಮತ್ತು ಅದರ ಪ್ರತಿಬಿಂಬ ಬರುತ್ತದೆ, ಮೇಲೆತ್ತುವ ಗೋಜೇ ಇಲ್ಲ. ಸಿಲ್ವರ್ ಓಕ್ ತೋಪಿನಲ್ಲಾದರೆ ಪೂರ್ತಿ ಮೇಲಕ್ಕೇ ತಿರುಗಿಸಿ, ಚೆನ್ನಾಗಿರುತ್ತದೆ. ಅರೆಬರೆ ಎತ್ತಿದ್ದು ಮಾತ್ರ ಕೆಡುತ್ತದೆ.

ಜನರನ್ನು ಅಂಚಿಗೆ ನಿಲ್ಲಿಸಬೇಡಿ. ಒಂದು ಮದುವೆಯಲ್ಲಿ ಚಿಕ್ಕಮ್ಮನನ್ನು ಸಾಲಿನ ತುದಿಗೆ ನಿಲ್ಲಿಸಿ 16ರಲ್ಲಿ ಹೊಡೆದೆ, ತೋಳು ಬಾಳೆದಿಂಡಿನ ಹಾಗೆ ಬಂತು, ಆ ಮಾತು ಇವತ್ತಿಗೂ ಕೇಳ್ತಾ ಇದ್ದೇನೆ. ಗುಂಪಿಗೆ 35 ಎಂಎಂ ಸಾಕು.

ಮಳೆಗಾಲದಲ್ಲಿ ಹನಿಗಿಂತ ಕೊಡೆಯದ್ದೇ ಕಾಟ. ಕೊಡೆಯ ತುದಿ, ನಿಮ್ಮದೇ ಶೂ, ಟ್ರೈಪಾಡಿನ ಕಾಲು ಎಲ್ಲ ಒಳಗೆ ಬಂದು ಕೂರುತ್ತವೆ, ನಾಲ್ಕೂ ಮೂಲೆ ನೋಡಿ ಕ್ಲಿಕ್ ಮಾಡಿ. ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಪೋಲರೈಸರ್ ಫಿಲ್ಟರ್ ಇದ್ದರೆ ಒದ್ದೆ ಎಲೆಯ ಹೊಳಪು ಕಡಿಮೆಯಾಗಿ ಹಸಿರು ಬರುತ್ತದೆ. ನೀಲಿ ಆಕಾಶಕ್ಕೆ ಅದನ್ನು ತಿರುಗಿಸಬೇಡಿ, ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬಿಳಚು ಆಗುತ್ತದೆ. ಜಿಗಣೆ ವಿಷಯ ಹೇಳಬೇಕಾಗಿಲ್ಲ ತಾನೆ?

ಎಡಿಟಿಂಗ್‌ಗೆ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ಇರಲಿ. ಲೈಟ್‌ರೂಮ್ ಆಗಲಿ, ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ಆಗಲಿ, ಮೊದಲ ಕೆಲಸ ಲೆನ್ಸ್ ಕರೆಕ್ಷನ್. ಬಾಗಿದ ಗೆರೆ ನೇರವಾಗುತ್ತದೆ, ಕಪ್ಪಾದ ಮೂಲೆ ತಿಳಿಯಾಗುತ್ತದೆ. ಬಿಳಿ ಆಕಾಶದ ಎದುರು ಎಲೆಗಳ ಅಂಚಿಗೆ ನೇರಳೆ ಬಣ್ಣ ಹತ್ತಿದ್ದರೆ ಅದಕ್ಕೂ ಬೇರೆ ಆಯ್ಕೆ ಇದೆ. ಆಮೇಲೆ ವಾಲಿದ ಗೋಡೆಗಳನ್ನು ನೆಟ್ಟಗೆ ಮಾಡಿ. ಇದರಲ್ಲಿ ಅಂಚು ಕತ್ತರಿಸಿ ಹೋಗುತ್ತದೆ, ಅದಕ್ಕೇ ತೆಗೆಯುವಾಗ ಸುತ್ತ ಸ್ವಲ್ಪ ಜಾಗ ಬಿಟ್ಟಿರಬೇಕು. ಫೋನಿನಲ್ಲಿ ಸ್ನ್ಯಾಪ್‌ಸೀಡ್ ಆ್ಯಪ್‌ನ ಪರ್ಸ್ಪೆಕ್ಟಿವ್ ಇಷ್ಟಕ್ಕೆ ಸಾಕು.

ಮಂಜು ಅಳಿಸುವ ಡೀಹೇಜ್ ಮಾತ್ರ ಮುಟ್ಟಬೇಡಿ ಅಂತ ಕೈ ಮುಗಿದು ಕೇಳ್ತೇನೆ. ಮಂಜು ನೋಡೋಕೆ ಅಂತಲೇ ಬೆಳಗಿನ ಜಾವ ಎದ್ದು ಬಂದು, ಮನೆಯಲ್ಲಿ ಕೂತು ಅದನ್ನೇ ಒರೆಸಿ ಹಾಕೋದು ಯಾವ ನ್ಯಾಯ? ಕ್ಯಾಮೆರಾ ಮಂಜನ್ನು ಬೂದಿ ಬಣ್ಣಕ್ಕೆ ಇಳಿಸಿರುತ್ತದೆ, ಎಕ್ಸ್‌ಪೋಷರ್ (ಬೆಳಕಿನ ಮಟ್ಟ) ಮುಕ್ಕಾಲು ಸ್ಟಾಪ್, ಅಂದರೆ +0.75 ಏರಿಸಿ. ಹಸಿರಿನ ಸ್ಯಾಚುರೇಶನ್ ಜಾಸ್ತಿ ಮಾಡಿದರೆ ತೋಟ ಪ್ಲಾಸ್ಟಿಕ್ ಆಗುತ್ತದೆ, ಸ್ವಲ್ಪ ಇಳಿಸಿಯೇ ನೋಡಿ.

ಆ ಮಾಂದಲಪಟ್ಟಿ ಫೋಟೋಗಳಲ್ಲಿ ಒಂದನ್ನು ಹೀಗೆ ಉಳಿಸಿಕೊಂಡೆ. ಹುಲ್ಲನ್ನೂ ಆಕಾಶವನ್ನೂ ಕತ್ತರಿಸಿ, ಅಗಲ ಮೂರು ಪಾಲು, ಎತ್ತರ ಒಂದು ಪಾಲು ಇಟ್ಟೆ. ಬೆಟ್ಟದ ಸಾಲು ಈಗ ಬೆಟ್ಟದ ಹಾಗೇ ಕಾಣುತ್ತದೆ. ಪ್ರಿಂಟ್ ಚಿಕ್ಕದೇ ಹಾಕಿಸಿದ್ದೇನೆ, ದೊಡ್ಡದು ಮಾಡಿದರೆ ಒಡೆಯುತ್ತದೆ.