ಕರಟದ ಬಟ್ಟಲಿಗೆ ಯಾವ ರೆಸಿನ್ ಹಚ್ಚಬೇಕು?

ತಿಪಟೂರು, ಗುಬ್ಬಿ, ತುರುವೇಕೆರೆ ಕಡೆ ಕರಟಕ್ಕೇನು ಬರವಿಲ್ಲ. ಅದನ್ನು ಉಜ್ಜಿ ಬಟ್ಟಲು, ಚಮಚ ಮಾಡುವವರ ಕೈಕೆಲಸ ನೋಡಲು ಖುಷಿಯಾಗುತ್ತದೆ. ಆದರೆ ಕೊನೆಯಲ್ಲಿ ಹೊಳಪು ಬರಲಿ ಅಂತ ಸಿಕ್ಕಿದ ರೆಸಿನ್ (ಬಳಿದ ಮೇಲೆ ಗಟ್ಟಿಯಾಗಿ ಹೊಳೆಯುವ ಅಂಟು ದ್ರವ) ಬಳಿದು, ಮಾರನೇ ದಿನವೇ ಅದರಲ್ಲಿ ಉಪ್ಪಿನಕಾಯಿ ಬಡಿಸುವುದನ್ನೂ ನೋಡಿದ್ದೇನೆ. ಹಾಗೆ ಮಾಡಬೇಡಿ.

ಮೊದಲು ಕರಟವನ್ನು ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ. ಉಜ್ಜುವಾಗ ಮಾಸ್ಕ್ ಇರಲಿ.

ಆಮೇಲೆ ರೆಸಿನ್ ಆಯ್ಕೆ. ಫೈಬರ್ ಕೆಲಸಕ್ಕೆ ಬಳಸುವ, ಮೂಗಿಗೆ ಘಾಟು ಹೊಡೆಯುವ ಪಾಲಿಯೆಸ್ಟರ್ ರೆಸಿನ್ ಅಗ್ಗ. ಆ ಘಾಟು ಸ್ಟೈರೀನ್ ಅನ್ನುವ ರಾಸಾಯನಿಕದ್ದು, ಊಟದ ಪಾತ್ರೆಗೆ ಬೇಡವೇ ಬೇಡ. ಯುವಿ ರೆಸಿನ್ ಯುವಿ (ನೇರಳಾತೀತ) ಬೆಳಕಿನ ಟಾರ್ಚ್ ಹಿಡಿದರೆ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಆದರೆ ಬೆಳಕು ತಾಗದ ಕಡೆ ಹಸಿಯಾಗಿಯೇ ಉಳಿಯುತ್ತದೆ. ಅದೂ ಬೇಡ. ಉಳಿಯುವುದು ಎರಡು ಬಾಟಲಿಯ ಎಪಾಕ್ಸಿ: ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್.

ಬಾಟಲಿ ಮೇಲೆ ‘ನಾನ್‌ಟಾಕ್ಸಿಕ್’ ಅಂತ ಇದ್ದರೆ ಸಾಲದು. ಮಾರುವವರಿಂದ ಟೆಕ್ನಿಕಲ್ ಡೇಟಾ ಶೀಟ್ ಕೇಳಿ. ಗಟ್ಟಿಯಾದ ಮೇಲೆ ಆಹಾರ ತಾಗಬಹುದು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ 21 ಸಿಎಫ್‌ಆರ್ 175.300 ನಿಯಮದ ಹೆಸರಿದ್ದರೆ ಒಳ್ಳೆಯದು, ಆಹಾರ ತಾಗುವ ಲೇಪನಗಳ ನಿಯಮ ಅದು. ಪೂರ್ತಿ ಗಟ್ಟಿಯಾಗಲು ಎಷ್ಟು ದಿನ, ಎಷ್ಟು ಉಷ್ಣಾಂಶ ಬೇಕು ಅನ್ನುವುದನ್ನೂ ನೋಡಿ. ಶೀಟ್ ಕೊಡದವರ ಹತ್ತಿರ ಕೊಳ್ಳಬೇಡಿ.

ಇಷ್ಟಾದರೂ ಬಾಟಲಿಯಲ್ಲಿರುವಾಗ ಅದು ಸುರಕ್ಷಿತ ಅಲ್ಲ. ಸುರಕ್ಷಿತ ಆಗುವುದು ನಿಮ್ಮ ಕೈಯಲ್ಲಿ. ಎಪಾಕ್ಸಿ ಬಣ್ಣದ ಹಾಗೆ ಆರುವುದಿಲ್ಲ. ರೆಸಿನ್, ಹಾರ್ಡನರ್ ಎರಡೂ ಒಂದಕ್ಕೊಂದು ಕೂಡಿಕೊಂಡು ಗಟ್ಟಿಯಾಗುತ್ತವೆ. ಅಳತೆ ತಪ್ಪಿದರೆ ಕೂಡದೆ ಉಳಿದದ್ದು ಒಳಗೇ ಇರುತ್ತದೆ. ಊಟಕ್ಕೆ ಇಳಿಯುವುದು ಅದೇ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕುವವರಿದ್ದಾರೆ, ಅದು ಪೂರ್ತಿ ತಪ್ಪು.

2:1 (ಎರಡು ಪಾಲು ರೆಸಿನ್, ಒಂದು ಪಾಲು ಹಾರ್ಡನರ್) ಅಂತ ಇದ್ದರೆ ಅದು ಅಳತೆ ಕಪ್ಪಿನ ಲೆಕ್ಕವೋ ತೂಕದ ಲೆಕ್ಕವೋ ನೋಡಿ. ರೆಸಿನ್ ಸಾಮಾನ್ಯವಾಗಿ ಹಾರ್ಡನರ್‌ಗಿಂತ ಭಾರ. ಕಪ್ಪಿನ ಲೆಕ್ಕವನ್ನು ತಕ್ಕಡಿಯಲ್ಲಿ ತೂಗಿದರೆ ಅಳತೆ ಕೆಡುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿಕೊಂಡು, ಕಿಟಕಿ ತೆರೆದು, ಮೂರ್ನಾಲ್ಕು ನಿಮಿಷ ನಿಧಾನವಾಗಿ ಕಲಸಿ. ಕಪ್ಪಿನ ಅಂಚು, ತಳ ಕೆರೆಯುತ್ತಾ ಇರಿ. ಆಮೇಲೆ ಬೇರೆ ಕಪ್ಪಿಗೆ ಸುರಿದು ಇನ್ನೊಮ್ಮೆ ಕಲಸಿ. ಮೊದಲ ಕಪ್ಪಿನ ಗೋಡೆಗೆ ಅಂಟಿದ್ದನ್ನು ಬಳಿಯಬೇಡಿ, ಅದು ಸರಿಯಾಗಿ ಬೆರೆತಿರುವುದಿಲ್ಲ.

ತೆಳ್ಳಗೆ ಹಚ್ಚಿ. ಕರಟದ ಕಣ್ಣುಗಳ ಗುಳಿಯಲ್ಲಿ ರೆಸಿನ್ ನಿಲ್ಲುತ್ತದೆ, ಬಟ್ಟೆಯಿಂದ ಒತ್ತಿ ತೆಗೆಯಿರಿ. ಮಾರನೇ ದಿನ ಮೇಲೆಲ್ಲಾ ಗಾಜಿನಂತೆ ಕಂಡರೂ ಆ ಗುಳಿಗೆ ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಇನ್ನೂ ಆಗಿಲ್ಲ. ಎಷ್ಟು ದಿನವಾದರೂ ಅಂಟಂಟಾಗಿಯೇ ಇದ್ದರೆ ಆ ಬಟ್ಟಲು ಊಟಕ್ಕೆ ಬೇಡ, ಬೀಗದ ಕೈ ಹಾಕಿಡಲು ಇಟ್ಟುಕೊಳ್ಳಿ.

24 ಗಂಟೆಯಲ್ಲಿ ಮುಟ್ಟಲು ಗಟ್ಟಿಯಾಗುತ್ತದೆ, ಅಷ್ಟೇ. ಪೂರ್ತಿ ಆಗಲು ಹಲವು ಎಪಾಕ್ಸಿಗಳಿಗೆ 7 ದಿನ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಆ ಲೆಕ್ಕ ಸಾಮಾನ್ಯವಾಗಿ 22ರಿಂದ 25 ಡಿಗ್ರಿಗೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಅದಕ್ಕಿಂತ ತಣ್ಣಗಿರುತ್ತದೆ ಅಲ್ವಾ? ಇನ್ನೊಂದು ವಾರ ಸುಮ್ನೆ ಬಿಡಿ. ಸಂತೆಗೆ ಕೊಡಬೇಕು ಅಂತ ಅವಸರ ಮಾಡಬೇಡಿ.

ಮೈಕಾ ಪುಡಿ, ಗ್ಲಿಟರ್ ಬೆರೆಸಿದರೆ ಡೇಟಾ ಶೀಟಿನ ಮಾತು ಲೆಕ್ಕಕ್ಕಿಲ್ಲ. ಶೀಟ್ ಬಣ್ಣ ಹಾಕದ ರೆಸಿನ್‌ಗೆ ಮಾತ್ರ ಹೇಳಿರುತ್ತದೆ. ಜೊತೆಗೆ ಕರಕುಶಲ ಎಪಾಕ್ಸಿ ಹೆಚ್ಚಿನವು 50ರಿಂದ 60 ಡಿಗ್ರಿಗೇ ಮೆತ್ತಗಾಗುತ್ತವೆ. ಬಿಸಿ ಸಾರು, ಕಾಫಿ ಅದಕ್ಕಿಂತ ಬಿಸಿ. ಹಾಗಾಗಿ ನನ್ನ ಮಾತು ಕೇಳುವುದಾದರೆ ರೆಸಿನ್ ಕರಟದ ಹೊರಮೈಗೆ ಮಾತ್ರ, ಅದೂ ತುಟಿ ತಾಗುವ ಅಂಚು ಬಿಟ್ಟು. ಒಳಗೆ ಕೊಬ್ಬರಿ ಎಣ್ಣೆ ತಿಕ್ಕಿ, ರಾತ್ರಿ ಬಿಟ್ಟು ಒರೆಸಿ. ಮಾಸಿದಾಗ ಮತ್ತೆ ತಿಕ್ಕಿದರಾಯಿತು.

ಮಾರುವುದಿದ್ದರೆ ಪ್ರತಿ ಬಟ್ಟಲಿನ ಜೊತೆ ಒಂದು ಚೀಟಿ ಇಡಿ: ಬಿಸಿ ಪದಾರ್ಥ ಬೇಡ, ಮೈಕ್ರೋವೇವ್ ಬೇಡ, ನೀರಲ್ಲಿ ನೆನೆಸಿಡಬೇಡಿ. ರೆಸಿನ್ ಹಚ್ಚಿದ ತಾರೀಖನ್ನೂ ಬರೆಯಿರಿ.